ಕೂಡಿಟ್ಟ ಗಾಳಿ

ಒಂದೇ ಅಳತೆಯ ಎರಡು ಉಕ್ಕಿನ ತೊಟ್ಟಿಗಳಲ್ಲಿ ಒಂದಕ್ಕೆ ನೀರನ್ನೂ ಇನ್ನೊಂದಕ್ಕೆ ಗಾಳಿಯನ್ನೂ ತುಂಬಿ ಎರಡನ್ನೂ ಸಮನಾದ ಒತ್ತಡಕ್ಕೆ ಏರಿಸಿದರೆ, ಹೊರಗಿನಿಂದ ನೋಡುವವರಿಗೆ ಅವುಗಳ ನಡುವೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಎರಡರ ಮೇಲಿನ ಒತ್ತಡಮಾಪಕದ ಮುಳ್ಳೂ ಅದೇ ಅಂಕಿಯ ಮೇಲೆ ನಿಂತಿರುತ್ತದೆ, ಎರಡೂ ಅಷ್ಟೇ ಮೌನವಾಗಿರುತ್ತವೆ. ತೊಟ್ಟಿಗಳು ಬಿರಿದಾಗ ಮಾತ್ರ ಅವುಗಳ ಒಳಗಿರುವುದರ ಸ್ವಭಾವ ಬೇರೆಬೇರೆಯೆಂಬುದು ಬಯಲಾಗುತ್ತದೆ. ನೀರು ಒತ್ತಡಕ್ಕೆ ಕುಗ್ಗುವುದು ತೀರ ಅಲ್ಪವಾದ್ದರಿಂದ, ಬಿರುಕಿನಿಂದ ಒಂದಿಷ್ಟು ಚಿಮ್ಮಿದೊಡನೆ ಅದರ ಒತ್ತಡವೆಲ್ಲ ಇಳಿದುಹೋಗುತ್ತದೆ. ಗಾಳಿಯಾದರೋ ತನ್ನ ಸಹಜ ಗಾತ್ರದ ಒಂಬತ್ತರಲ್ಲೊಂದು ಪಾಲಿಗೆ ಕುಗ್ಗಿ ಕುಳಿತಿರುವುದರಿಂದ, ದಾರಿ ಸಿಕ್ಕ ಕ್ಷಣವೇ ಆ ಗಾತ್ರವನ್ನೆಲ್ಲ ಮರಳಿ ಪಡೆಯಲು ನುಗ್ಗುತ್ತದೆ. 200 ಲೀಟರ್ ಹಿಡಿಸುವ ತೊಟ್ಟಿಯೊಂದನ್ನು 8 ಬಾರ್ ಒತ್ತಡಕ್ಕೆ ತಂದಾಗ ನೀರಿನಲ್ಲಿ ಅಡಗುವ ಶಕ್ತಿ ಸುಮಾರು 30 ಜೂಲ್, ಅಂದರೆ ಒಂದು ಕಿಲೋ ತೂಕವನ್ನು ಮೂರು ಮೀಟರ್ ಎತ್ತುವಷ್ಟು. ಅದೇ ತೊಟ್ಟಿಯ ಗಾಳಿಯಲ್ಲಿ ಅಡಗುವುದು ಸುಮಾರು 2 ಲಕ್ಷ ಜೂಲ್, ಅಂದರೆ ಒಂದು ಟನ್ ತೂಕದ ಕಾರನ್ನು ಆರಂತಸ್ತಿನ ಕಟ್ಟಡದ ಎತ್ತರಕ್ಕೆ ಒಯ್ಯುವಷ್ಟು. ಇಂಥ ತೊಟ್ಟಿಗಳ ಗಟ್ಟಿತನವನ್ನು ನೀರು ತುಂಬಿ ಒತ್ತಿ ಪರೀಕ್ಷಿಸುವ ರೂಢಿ ಬಂದಿರುವುದು ಇದೇ ಕಾರಣಕ್ಕೆ. ಪರೀಕ್ಷೆಯಲ್ಲಿ ಸೋತ ತೊಟ್ಟಿ ನೆಲವನ್ನು ಒದ್ದೆ ಮಾಡೀತೇ ಹೊರತು ಪಕ್ಕದಲ್ಲಿ ನಿಂತವರ ಪ್ರಾಣ ತೆಗೆಯದು.

ಬಾರ್ ಎಂಬುದು ಒತ್ತಡದ ಒಂದು ಅಳತೆ. ಸಮುದ್ರಮಟ್ಟದಲ್ಲಿ ವಾತಾವರಣವು ಎಲ್ಲ ವಸ್ತುಗಳನ್ನೂ ಒತ್ತುತ್ತಿರುವುದು ಹೆಚ್ಚುಕಡಿಮೆ ಒಂದು ಬಾರ್‌ನಷ್ಟು. ಗ್ಯಾರೇಜುಗಳಲ್ಲಿ ‘ಎಂಟು ಕೆ.ಜಿ. ಪ್ರೆಷರ್’ ಎಂದು ಹೇಳುವಾಗ ಇರುವ ಅರ್ಥ ಒಂದು ಚದರ ಸೆಂಟಿಮೀಟರಿನ ಮೇಲೆ ಎಂಟು ಕಿಲೋ ಭಾರ ಎಂದು, ಅದು ಎಂಟು ಬಾರ್‌ಗೆ ಬಹಳ ಹತ್ತಿರದ ಅಂಕಿ. ಟೈರಿಗೆ ಗಾಳಿ ಹೊಡೆಸುವಾಗ ‘ಮೂವತ್ತು’ ಎಂದು ಕೇಳುವವರು ಬಳಸುವುದು ಪಿಎಸ್ಐ ಎಂಬ ಬ್ರಿಟಿಷ್ ಅಳತೆಯನ್ನು, ಅದರ ಹದಿನಾಲ್ಕೂವರೆ ಸೇರಿದರೆ ಒಂದು ಬಾರ್. ಇವೆಲ್ಲವೂ ವಾತಾವರಣದ ಒತ್ತಡವನ್ನು ಕಳೆದು ಉಳಿದದ್ದನ್ನು ಹೇಳುವ ಅಂಕಿಗಳು ಎಂಬುದನ್ನು ಮರೆಯುವಂತಿಲ್ಲ. ಮುಳ್ಳು 8 ತೋರಿಸುವಾಗ ತೊಟ್ಟಿಯೊಳಗೆ ನಿಜವಾಗಿ ಇರುವುದು 9 ಬಾರ್, ಮುಳ್ಳು ಸೊನ್ನೆಗೆ ಬಂದಾಗಲೂ ಒಳಗೆ ಹೊರಗಿನಷ್ಟೇ ಗಾಳಿ ಇದ್ದೇ ಇರುತ್ತದೆ. ಉಷ್ಣತೆ ಬದಲಾಗದಿದ್ದರೆ ಗಾಳಿಯ ಗಾತ್ರವೂ ಒತ್ತಡವೂ ಒಂದಕ್ಕೊಂದು ವಿಲೋಮವಾಗಿ ನಡೆಯುತ್ತವೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮಕ್ಕೆ ಹಾಕಬೇಕಾದದ್ದು ಈ 9ನ್ನೇ ಹೊರತು 8ನ್ನಲ್ಲ.

ಗಾಳಿಯನ್ನು ಒತ್ತಿ ಕೆಲಸಕ್ಕೆ ಹಚ್ಚುವ ವಿದ್ಯೆ ಕಮ್ಮಾರನ ತಿದಿಯಷ್ಟು ಹಳೆಯದು. ಆದರೆ ತಿದಿಯು ಗಾಳಿಯನ್ನು ಊದುತ್ತದೆಯೇ ಹೊರತು ಕೂಡಿಡುವುದಿಲ್ಲ. ಒಂದೆಡೆ ಒತ್ತಿದ ಗಾಳಿಯನ್ನು ಕೊಳವೆಗಳಲ್ಲಿ ದೂರಕ್ಕೆ ಸಾಗಿಸಿ ಅಲ್ಲಿ ಅದರಿಂದ ದುಡಿಸಿಕೊಳ್ಳಬಹುದೆಂಬುದು ದೊಡ್ಡ ಪ್ರಮಾಣದಲ್ಲಿ ಸಾಬೀತಾದದ್ದು ಫ್ರಾನ್ಸ್ ಮತ್ತು ಇಟಲಿಗಳ ನಡುವೆ ಆಲ್ಪ್ಸ್ ಪರ್ವತವನ್ನು ಕೊರೆದ ಮೋಂ ಸೆನಿ ಸುರಂಗದಲ್ಲಿ; 1857ರಲ್ಲಿ ಆರಂಭವಾದ ಆ ಕೆಲಸಕ್ಕೆ ಜೆರ್ಮೆನ್ ಸೊಮೆಯೇ ಎಂಬ ಎಂಜಿನಿಯರ್ 1861ರಿಂದ ಗಾಳಿ ಒತ್ತಡದ ಬೈರಿಗೆಗಳನ್ನು ಇಳಿಸಿದ ಮೇಲೆ ಅದು ನಿರೀಕ್ಷೆಗಿಂತ ಎಷ್ಟೋ ಬೇಗ, 1871ರಲ್ಲಿ ಮುಗಿಯಿತು. ಉಗಿಯಂತ್ರವನ್ನು ಸುರಂಗದೊಳಗೆ ಓಡಿಸಿದರೆ ಹೊಗೆಗೆ ಜನ ಉಸಿರುಗಟ್ಟುತ್ತಿದ್ದರು. ಗಾಳಿಯ ಬೈರಿಗೆಯಾದರೋ ಕೆಲಸ ಮಾಡಿ ಹೊರಬಿಟ್ಟದ್ದು ಉಸಿರಾಡಲು ಒದಗುವ ತಂಪು ಗಾಳಿಯನ್ನು. ಕೋಲಾರದ ಚಿನ್ನದ ಗಣಿಗಳಲ್ಲಿಯೂ ಬಂಡೆ ಕೊರೆದದ್ದು ಇದೇ ಗಾಳಿ. ಇಂದು ಕರ್ನಾಟಕದ ಬಯಲುಸೀಮೆಯಲ್ಲಿ ರಾತ್ರಿಯಿಡೀ ಮೊರೆಯುವ ಬೋರ್‌ವೆಲ್ ಲಾರಿಗಳ ಬೆನ್ನ ಮೇಲಿರುವುದು, ಹೆದ್ದಾರಿಯ ಪಂಕ್ಚರ್ ಅಂಗಡಿಯ ಮೂಲೆಯಲ್ಲಿ ಎಣ್ಣೆ ಜಿಡ್ಡು ಹಿಡಿದು ಕುಳಿತಿರುವುದು, ಬಡಗಿಯ ಮೊಳೆಬಂದೂಕಿಗೂ ಕಾರಿಗೆ ಬಣ್ಣ ಹೊಡೆಯುವವರ ಸ್ಪ್ರೇಗೂ ದಮ್ಮು ಕೊಡುತ್ತಿರುವುದು ಗಾಳಿ ಒತ್ತುವ ಯಂತ್ರದ ದೊಡ್ಡ ಚಿಕ್ಕ ರೂಪಗಳು. ಗ್ರಂಥಭಾಷೆ ಇದನ್ನು ವಾಯುಸಂಪೀಡಕ ಎಂದು ಕರೆದರೂ ಜನರ ಬಾಯಲ್ಲಿ ನಿಂತಿರುವ ಹೆಸರು ಕಂಪ್ರೆಸರ್. ಈ ಅಧ್ಯಾಯವು ಪಂಕ್ಚರ್ ಅಂಗಡಿ ಮತ್ತು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ, 5 ಅಶ್ವಶಕ್ತಿಯ ಮೋಟಾರೂ 200 ಲೀಟರಿನ ತೊಟ್ಟಿಯೂ ಇರುವ ಬೆಲ್ಟ್ ಕಂಪ್ರೆಸರನ್ನು ಮಾದರಿಯಾಗಿಟ್ಟುಕೊಂಡು, ಅದನ್ನು ನೆಲೆಗೊಳಿಸಿ ಮೊದಲ ಬಾರಿಗೆ ಚಾಲೂ ಮಾಡುವಾಗ ಪಾಲಿಸುವ ಕ್ರಮಗಳ ಹಿಂದಿರುವ ಭೌತಶಾಸ್ತ್ರವನ್ನು ವಿವರಿಸುತ್ತದೆ. ಆ ಕ್ರಮಗಳು ಕೈಪಿಡಿಯಲ್ಲಿ ಅಂಕಿ ಹಾಕಿದ ಸಾಲುಗಳಾಗಿ ಬರುವುದರಿಂದ ಅವುಗಳನ್ನು ವ್ರತದ ನೇಮಗಳಂತೆ ಓದುವವರೂ ಇದ್ದಾರೆ, ಓದದೆ ಬಿಡುವವರು ಇನ್ನೂ ಹೆಚ್ಚು. ವಾಸ್ತವದಲ್ಲಿ ಅವೆಲ್ಲವೂ ಒತ್ತಿದ ಗಾಳಿಯ ಮೂರು ಗುಣಗಳಿಗೆ, ಅಂದರೆ ಅದು ಶಕ್ತಿಯನ್ನು ಕೂಡಿಡುತ್ತದೆ, ಕಾಯುತ್ತದೆ, ನೀರು ಬಿಡುತ್ತದೆ ಎಂಬ ಮೂರಕ್ಕೆ ಕೊಟ್ಟ ಉತ್ತರಗಳು.

ಯಂತ್ರದ ರಚನೆ ಸರಳ. ತೊಟ್ಟಿಯ ಬೆನ್ನ ಮೇಲೆ ಒಂದು ಕಡೆ ಮೋಟಾರು, ಇನ್ನೊಂದು ಕಡೆ ಮೆಕ್ಯಾನಿಕರು ‘ಹೆಡ್’ ಎಂದು ಕರೆಯುವ ಒತ್ತುವ ಭಾಗ; ಎರಡನ್ನೂ ಬೆಲ್ಟು ಕೂಡಿಸುತ್ತದೆ. ಹೆಡ್ಡಿನೊಳಗೆ ಪಿಸ್ಟನ್ ಕೆಳಗಿಳಿದಾಗ ಸೋಸುಕದ ಮೂಲಕ ಗಾಳಿ ಒಳಬರುತ್ತದೆ, ಮೇಲೇರಿದಾಗ ಆ ಗಾಳಿ ಒತ್ತಲ್ಪಟ್ಟು ತೆಳು ಉಕ್ಕಿನ ಎಲೆಯಂಥ ಕವಾಟವನ್ನು ತಳ್ಳಿಕೊಂಡು ಹೊರಹೋಗುತ್ತದೆ. ಹೋಗುವ ಕೊಳವೆ ತೊಟ್ಟಿಯನ್ನು ಸೇರುವಲ್ಲಿ ಗಾಳಿಯನ್ನು ಒಳಗೆ ಮಾತ್ರ ಬಿಟ್ಟು ಹಿಂದಕ್ಕೆ ಬಿಡದ ಏಕಮುಖ ಕವಾಟವೊಂದಿರುತ್ತದೆ. ತೊಟ್ಟಿಯ ಮೇಲೆ ಒತ್ತಡಮಾಪಕ, ಒತ್ತಡ ಒಂದು ಮಿತಿಗೆ ಬಂದಾಗ ಮೋಟಾರನ್ನು ತಾನೇ ನಿಲ್ಲಿಸಿ ಇಳಿದಾಗ ತಾನೇ ಓಡಿಸುವ ಪ್ರೆಷರ್ ಸ್ವಿಚ್ಚು, ಆ ಸ್ವಿಚ್ಚು ಕೈಕೊಟ್ಟರೆ ತಾನಾಗಿ ತೆರೆದುಕೊಳ್ಳುವ ಸೇಫ್ಟಿ ವಾಲ್ವು. ತೊಟ್ಟಿಯ ಹೊಟ್ಟೆಯಡಿಯಲ್ಲಿ ನೀರು ಬಿಡುವ ಪುಟ್ಟ ನಲ್ಲಿ. ಓಡುವ ಬೆಲ್ಟೂ ತಿರುಗುವ ಗಾಲಿಯೂ ಸದ್ದು ಮಾಡಿ ತಮ್ಮ ಅಪಾಯವನ್ನು ತಾವೇ ಸಾರುತ್ತವೆ, ಅವಕ್ಕೆ ಜಾಲರಿ ಹಾಕಿಸುವುದನ್ನು ಯಾರಾದರೂ ನೆನಪಿಸುತ್ತಾರೆ. ಸದ್ದಿಲ್ಲದ ತೊಟ್ಟಿಯನ್ನು ಮಾತ್ರ ಯಂತ್ರದ ಕಾಲಿನಂತೆ, ಮೇಲಿನ ಭಾಗಗಳನ್ನು ಹೊರುವ ಪೀಠದಂತೆ ಕಾಣುವುದು ರೂಢಿಯಾಗಿಬಿಟ್ಟಿದೆ.

ಸ್ಥಳದ ಆಯ್ಕೆಯಿಂದ ತೊಡಗುವುದಾದರೆ, ಕಂಪ್ರೆಸರನ್ನು ಗೋಡೆಗೆ ಆನಿಸಿ ಇಡುವುದು ಅತಿ ಸಾಮಾನ್ಯ ತಪ್ಪು. ಗಾಳಿಯನ್ನು ಬೇಗನೆ ಒತ್ತಿದಾಗ ಅದರ ಮೇಲೆ ಮಾಡಿದ ಕೆಲಸವೆಲ್ಲ ಶಾಖವಾಗಿ ಮಾರ್ಪಡುತ್ತದೆ. ಸೈಕಲ್ ಪಂಪಿನ ಬುಡ ಬಿಸಿಯಾಗುವುದು ಬರಿಯ ಉಜ್ಜಾಟದಿಂದಲ್ಲ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ಶಾಖ ಹೊರಹೋಗಲು ಬಿಡದೆ ಒಮ್ಮೆಲೇ ಎಂಟು ಪಟ್ಟು ಒತ್ತಡಕ್ಕೆ ಏರಿಸಿದರೆ ಅದು ಲೆಕ್ಕದ ಪ್ರಕಾರ 270 ಡಿಗ್ರಿಗೆ ತಲಪುತ್ತದೆ, ಅಷ್ಟು ಶಾಖದಲ್ಲಿ ಪಿಸ್ಟನ್ನಿಗೆ ಸವರಿದ ಎಣ್ಣೆ ಸೀದು ಕಿಟ್ಟಗಟ್ಟುತ್ತದೆ. ಇದನ್ನು ತಪ್ಪಿಸುವುದಕ್ಕೆಂದೇ ಎರಡು ಹಂತದ ಕಂಪ್ರೆಸರುಗಳು ಬಂದವು: ದೊಡ್ಡ ಸಿಲಿಂಡರ್ ಮೊದಲು ಸುಮಾರು 2.8 ಪಟ್ಟು ಒತ್ತುತ್ತದೆ, ಗಾಳಿ 130 ಡಿಗ್ರಿಯ ಆಸುಪಾಸಿನಲ್ಲಿ ಹೊರಬಂದು ರೆಕ್ಕೆಗಳಿರುವ ಕೊಳವೆಯಲ್ಲಿ ತಣಿಯುತ್ತದೆ, ಅನಂತರ ಚಿಕ್ಕ ಸಿಲಿಂಡರ್ ಅದನ್ನು ಮತ್ತೊಮ್ಮೆ ಅಷ್ಟೇ ಪಟ್ಟು ಒತ್ತುತ್ತದೆ. ಆ ನಡುಗೊಳವೆಯನ್ನೂ ಸಿಲಿಂಡರುಗಳ ಹೊರಮೈಯನ್ನೂ ತಣಿಸುವುದು ಹೆಡ್ಡಿನ ದೊಡ್ಡ ಗಾಲಿ. ಅದರ ಕಡ್ಡಿಗಳನ್ನು ಫ್ಯಾನಿನ ಎಲೆಗಳಂತೆ ಓರೆಯಾಗಿ ಎರಕ ಹೊಯ್ದಿರುವುದರಿಂದ ಅದು ತಿರುಗುತ್ತಲೇ ಗಾಳಿ ಬೀಸುತ್ತದೆ. ಗಾಲಿಯ ಬದಿ ಗೋಡೆಗೆ ತಾಗುವಂತಿದ್ದರೆ ಬೀಸಲು ಹೊಸ ಗಾಳಿಯೇ ಸಿಗದು. ಆದ್ದರಿಂದ ಗೋಡೆಯಿಂದ ಒಂದೂವರೆ ಅಡಿಯಾದರೂ ದೂರ, ನೆರಳಿನಲ್ಲಿ, ಗಾಳಿಯಾಡುವ ಕಡೆ, ಮಟ್ಟಸವಾದ ನೆಲದ ಮೇಲೆ, ಅದುರು ಹೀರುವ ದಪ್ಪ ರಬ್ಬರ್ ತುಂಡುಗಳನ್ನು ಕಾಲಡಿಗಿಟ್ಟು ಅದನ್ನು ನಿಲ್ಲಿಸಬೇಕು. ನೆಲ ಓರೆಯಾಗಿದ್ದರೆ ಎಣ್ಣೆಯ ಮಟ್ಟ ತೋರಿಸುವ ಗಾಜಿನ ಕಣ್ಣು ಸುಳ್ಳು ಹೇಳುತ್ತದೆ. ಅದುರು ನೇರವಾಗಿ ನೆಲಕ್ಕೆ ಹೋಗುವಂತಿದ್ದರೆ ತೊಟ್ಟಿಯ ಕಾಲುಗಳ ಬೆಸುಗೆಯಲ್ಲಿ ಕಾಲಕ್ರಮೇಣ ಬಿರುಕು ಹುಟ್ಟುತ್ತದೆ.

ಎಳೆದುಕೊಳ್ಳುವ ಗಾಳಿ ತಂಪಾಗಿರಬೇಕೆಂಬುದಕ್ಕೆ ಇನ್ನೊಂದು, ಹಣದ, ಕಾರಣವೂ ಇದೆ. ಒಂದೇ ತೂಕದ ಗಾಳಿಯನ್ನು ಒತ್ತಲು ಬೇಕಾಗುವ ಶಕ್ತಿ ಅದರ ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿರುವುದರಿಂದ, ಮೂರು ನಾಲ್ಕು ಡಿಗ್ರಿ ಏರಿದ ಕೂಡಲೇ ಕರೆಂಟಿನ ಖರ್ಚು ನೂರಕ್ಕೆ ಒಂದರಂತೆ ಹೆಚ್ಚುತ್ತದೆ. ತಗಡಿನ ಚಾವಣಿಯಡಿ ಉಸಿರು ಬಿಗಿಹಿಡಿದ ಕೋಣೆಯಲ್ಲಿ ಕಂಪ್ರೆಸರನ್ನು ಕೂರಿಸಿದವರು ಈ ದಂಡವನ್ನು ತಿಂಗಳುತಿಂಗಳೂ ತೆರುತ್ತಿರುತ್ತಾರೆ. ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದರಿಂದ ಅಲ್ಲಿನ ವಾತಾವರಣದ ಒತ್ತಡ 0.91 ಬಾರ್ ಮಾತ್ರ. ಮಂಗಳೂರಿನಲ್ಲಿ ಓಡುವ ಕಂಪ್ರೆಸರನ್ನೇ ಬೆಂಗಳೂರಿಗೆ ತಂದಿಟ್ಟರೆ ಪ್ರತಿ ಸುತ್ತಿಗೂ ನೂರರಲ್ಲಿ ಹತ್ತರಷ್ಟು ಕಡಿಮೆ ಗಾಳಿಯನ್ನು ಹಿಡಿದು ತೊಟ್ಟಿ ತುಂಬಲು ಅಷ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಅದರಲ್ಲಿ ಯಂತ್ರದ ದೋಷವೇನೂ ಇರುವುದಿಲ್ಲ.

ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ಕಾರಖಾನೆಯಿಂದ ಬಂದ ಹೊಸ ಕಂಪ್ರೆಸರಿನಲ್ಲಿ ಎಣ್ಣೆ ಇರುತ್ತದೆಂದು ನಂಬಿ ಓಡಿಸಿದರೆ ಕೆಲವೇ ನಿಮಿಷಗಳಲ್ಲಿ ಹೆಡ್ಡು ಹಿಡಿದುಕೊಳ್ಳುತ್ತದೆ, ಏಕೆಂದರೆ ಸಾಗಣೆಯಲ್ಲಿ ಚೆಲ್ಲದಿರಲೆಂದು ಅದನ್ನು ಖಾಲಿ ಮಾಡಿಯೇ ಕಳುಹಿಸುವುದುಂಟು. ಕೈಗೆ ಸಿಕ್ಕ ಎಂಜಿನ್ ಆಯಿಲನ್ನು ಸುರಿಯುವುದೂ ಸಲ್ಲದು. ವಾಹನದ ಎಣ್ಣೆಗೆ ಮಸಿಯನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ, ಅವು ಕಂಪ್ರೆಸರಿನ ಬಿಸಿ ಕವಾಟಗಳ ಮೇಲೆ ಗಟ್ಟಿ ಇದ್ದಿಲಿನಂತೆ ಕೂತುಬಿಡುತ್ತವೆ. ಹಾಗೆ ಕೂತ ಇದ್ದಿಲು ಕವಾಟವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ, ಹೊರಹೋದ ಬಿಸಿ ಗಾಳಿ ಹಿಂದಕ್ಕೆ ಸೋರಿ ಮತ್ತೆ ಒತ್ತಲ್ಪಟ್ಟು ಇನ್ನಷ್ಟು ಕಾಯುತ್ತದೆ, ಕೊನೆಗೆ ಎಣ್ಣೆಯ ಆವಿಯೂ ಇದ್ದಿಲೂ ಒತ್ತಿದ ಗಾಳಿಯೂ ಒಂದೆಡೆ ಕೂಡಿ ಕೊಳವೆಯೊಳಗೇ ಬೆಂಕಿ ಹೊತ್ತಿಕೊಂಡ ಪ್ರಸಂಗಗಳೂ ಉಂಟು.

ವಿದ್ಯುತ್ತಿನ ಭಾಗಕ್ಕೆ ಬಂದಾಗ ಗಾಳಿಯ ಗುಣವೂ ಮೋಟಾರಿನ ಗುಣವೂ ಎದುರುಬದುರಾಗುತ್ತವೆ. ನಿಂತ ಮೋಟಾರನ್ನು ಓಡಿಸುವುದೆಂದರೆ ನಿಂತ ಎತ್ತಿನಗಾಡಿಯನ್ನು ಎಳೆಯುವಂತೆ. ಮೊದಲ ಹೆಜ್ಜೆಗೇ ಹೆಚ್ಚು ದಮ್ಮು ಬೇಕು. 5 ಅಶ್ವಶಕ್ತಿಯ ತ್ರೀ ಫೇಸ್ ಮೋಟಾರು ಓಡುವಾಗ ಸುಮಾರು ಏಳೂವರೆ ಆಂಪಿಯರ್ ಎಳೆದುಕೊಳ್ಳುತ್ತದೆ, ನೇರವಾಗಿ ಚಾಲೂ ಮಾಡಿದ ಕ್ಷಣದಲ್ಲಿ ಅದರ ಆರು ಪಟ್ಟು. ಅದೇ ಹೊತ್ತಿಗೆ ಪಿಸ್ಟನ್ನಿನ ತಲೆಯ ಮೇಲೆ ಹಿಂದಿನ ಓಟದಲ್ಲಿ ಒತ್ತಿದ ಗಾಳಿ ಹಾಗೆಯೇ ಉಳಿದಿದ್ದರೆ, 50 ಮಿಲಿಮೀಟರ್ ವ್ಯಾಸದ ಚಿಕ್ಕ ಪಿಸ್ಟನ್ನಿನ ಮೇಲೂ 8 ಬಾರ್ ಒತ್ತಡವೆಂದರೆ ಒಂದೂವರೆ ಕ್ವಿಂಟಾಲಿಗೂ ಮಿಕ್ಕ ಭಾರ. ಅಷ್ಟು ಭಾರ ಹೊತ್ತು ಮೊದಲ ಹೆಜ್ಜೆ ಇಡಲಾರದೆ ಮೋಟಾರು ಗುಂಯ್‌ಗುಡುತ್ತ ನಿಂತಲ್ಲೇ ಕಾಯುತ್ತದೆ. ಕಾವಲಿನ ರಿಲೇ ಇದ್ದರೆ ಅದು ಸಂಪರ್ಕ ಕಡಿಯುತ್ತದೆ, ಇಲ್ಲದಿದ್ದರೆ ಸುರುಳಿಗಳು ಸುಡುತ್ತವೆ. ದೊಡ್ಡ ಮೋಟಾರುಗಳಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಕಟ್ಟಿ ಆರಂಭದ ಕರೆಂಟನ್ನು ಮೂರರಲ್ಲೊಂದಕ್ಕೆ ಇಳಿಸುವುದುಂಟು, ಆದರೆ ಆಗ ತಿರುಚುವ ಬಲವೂ ಮೂರರಲ್ಲೊಂದಕ್ಕೆ ಇಳಿಯುತ್ತದೆ. ಹಳ್ಳಿಗಳ ತಂತಿಯ ಕೊನೆಯಲ್ಲಿ ವೋಲ್ಟೇಜು ಕುಸಿದಾಗ ಕಷ್ಟ ಇಮ್ಮಡಿಯಾಗುತ್ತದೆ. ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ಇರಬೇಕಾದ ವೋಲ್ಟೇಜಿನಲ್ಲಿ ನೂರಕ್ಕೆ ಎಂಬತ್ತು ಬಂದರೆ ಬಲ ನೂರಕ್ಕೆ ಅರವತ್ತನಾಲ್ಕಕ್ಕೆ ಬರುತ್ತದೆ.

ಈ ಬಿಕ್ಕಟ್ಟಿಗೆ ಯಂತ್ರ ರಚಿಸಿದವರು ಕಂಡುಕೊಂಡ ಪರಿಹಾರ ಬಹಳ ಸೊಗಸಾದದ್ದು, ಅಷ್ಟೇ ಕಡಿಮೆ ಗಮನಕ್ಕೆ ಬರುವಂಥದು. ತೊಟ್ಟಿ ತುಂಬಿ ಮೋಟಾರು ನಿಂತಾಗ ಕಂಪ್ರೆಸರು ‘ಚುಸ್’ ಎಂದು ಒಂದು ನಿಟ್ಟುಸಿರು ಬಿಡುತ್ತದೆ. ಕೇಳಿದವರು ಅದನ್ನು ಸೋರಿಕೆಯೆಂದು ತಿಳಿಯುವುದೇ ಹೆಚ್ಚು. ಪ್ರೆಷರ್ ಸ್ವಿಚ್ಚು ಕರೆಂಟನ್ನು ಕಡಿಯುವ ಚಲನೆಯಲ್ಲೇ ಅನ್‌ಲೋಡರ್ ಎಂಬ ಪುಟ್ಟ ಕವಾಟವೊಂದನ್ನು ಒತ್ತಿ ತೆರೆಯುತ್ತದೆ, ಅದರ ಮೂಲಕ ಹೆಡ್ಡಿಗೂ ಏಕಮುಖ ಕವಾಟಕ್ಕೂ ನಡುವೆ ಸಿಕ್ಕಿಬಿದ್ದ ಗಾಳಿ ಹೊರಹೋಗುತ್ತದೆ. ತೊಟ್ಟಿಯ ಗಾಳಿ ಮಾತ್ರ ಏಕಮುಖ ಕವಾಟದ ಹಿಂದೆ ಭದ್ರವಾಗಿರುತ್ತದೆ. ಹೀಗೆ ಮುಂದಿನ ಸಲ ಮೋಟಾರು ಬರಿಗೈಯಲ್ಲಿ ಓಡಲು ತೊಡಗಿ, ವೇಗ ಹಿಡಿದ ಮೇಲೆ ಹೊರೆ ಹೊರುತ್ತದೆ. ಈ ನಿಟ್ಟುಸಿರನ್ನು ಕೇಳಲು ಕಲಿತವರಿಗೆ ಅದು ಯಂತ್ರದ ನಾಡಿಯಿದ್ದಂತೆ: ಒಂದೆರಡು ಕ್ಷಣದಲ್ಲಿ ನಿಂತರೆ ಎಲ್ಲವೂ ಸರಿ, ನಿಲ್ಲದೆ ಸುಯ್ಯೆನ್ನುತ್ತಲೇ ಇದ್ದರೆ ಏಕಮುಖ ಕವಾಟ ಕಚ್ಚುತ್ತಿಲ್ಲ, ತೊಟ್ಟಿಯ ಗಾಳಿಯೇ ಹಿಂದಕ್ಕೆ ಹರಿಯುತ್ತಿದೆ ಎಂದರ್ಥ, ಬರಲೇ ಇಲ್ಲವೆಂದರೆ ಮುಂದಿನ ಚಾಲನೆ ಹೊರೆಯ ಮೇಲೆ ನಡೆಯಲಿದೆ. ಕಂಪ್ರೆಸರನ್ನು ಗೋಡೆಯ ಪ್ಲಗ್ಗು ಕಿತ್ತು ನಿಲ್ಲಿಸಬಾರದು, ಅದರದೇ ಸ್ವಿಚ್ಚಿನಿಂದ ನಿಲ್ಲಿಸಬೇಕು ಎಂಬ ನಿಯಮ ಹುಟ್ಟಿದ್ದು ಇಲ್ಲಿಂದ. ಪ್ಲಗ್ಗು ಕಿತ್ತಾಗ ಅನ್‌ಲೋಡರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಓಟದ ನಡುವೆ ಕರೆಂಟು ಹೋದಾಗಲೂ ಆಗುವುದು ಇದೇ. ಕರೆಂಟು ಮರಳಿದಾಗ ಯಂತ್ರ ತಾನಾಗಿ ಚಾಲೂ ಆಗದಂತೆ ತಡೆಯುವ, ವೋಲ್ಟೇಜು ಹೋದೊಡನೆ ಬಿಟ್ಟುಕೊಳ್ಳುವ ಸುರುಳಿಯುಳ್ಳ ಸ್ಟಾರ್ಟರನ್ನು ಹಾಕಿಸಿದ್ದರೆ ಮೋಟಾರಿನ ಜೊತೆಗೆ, ಕತ್ತಲಲ್ಲಿ ಬೆಲ್ಟಿನ ಬಳಿ ಕೈಯಾಡಿಸುತ್ತಿದ್ದವರ ಬೆರಳೂ ಉಳಿಯುತ್ತದೆ.

ತ್ರೀ ಫೇಸ್ ಸಂಪರ್ಕದಲ್ಲಿ ತಿರುಗುವ ದಿಕ್ಕನ್ನು ಮೊದಲೇ ನೋಡಿಕೊಳ್ಳಬೇಕು. ಗಾಲಿಯ ಮೇಲೋ ಜಾಲರಿಯ ಮೇಲೋ ಬಾಣದ ಗುರುತಿರುತ್ತದೆ. ಸ್ವಿಚ್ಚನ್ನು ಅರೆಕ್ಷಣ ಒತ್ತಿ ಬಿಟ್ಟು ಗಾಲಿ ಬಾಣದತ್ತ ತಿರುಗಿತೇ ಎಂದು ಗಮನಿಸಿ, ಹಿಮ್ಮುಖವಾಗಿದ್ದರೆ ಮೂರು ತಂತಿಗಳಲ್ಲಿ ಯಾವುವಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಪಿಸ್ಟನ್ ಕಂಪ್ರೆಸರು ಹಿಮ್ಮುಖವಾಗಿ ಓಡಿದರೂ ಗಾಳಿಯನ್ನು ಒತ್ತಿಯೇ ಒತ್ತುತ್ತದೆ, ಹಾಗಾಗಿ ತಪ್ಪು ಬೇಗ ಗೊತ್ತಾಗುವುದಿಲ್ಲ; ಆದರೆ ಗಾಲಿಯ ಫ್ಯಾನು ಹೆಡ್ಡಿನತ್ತ ಬೀಸುವುದನ್ನು ಬಿಟ್ಟು ಅದಕ್ಕೆ ಬೆನ್ನು ತಿರುಗಿಸಿರುತ್ತದೆ. ದೊಡ್ಡ ಕಾರಖಾನೆಗಳ ಸ್ಕ್ರೂ ಕಂಪ್ರೆಸರುಗಳಲ್ಲಾದರೆ ಇದೇ ತಪ್ಪು ಕೆಲವು ಸೆಕೆಂಡುಗಳಲ್ಲಿ ಇಡೀ ಯಂತ್ರವನ್ನೇ ಹಾಳುಮಾಡಬಲ್ಲದು. ಭೂಸಂಪರ್ಕ, ಒಂದು ಫೇಸು ಹೋದಾಗ ಮೋಟಾರನ್ನು ನಿಲ್ಲಿಸುವ ಸಾಧನ, ಬೆಲ್ಟಿನ ನಡುವನ್ನು ಹೆಬ್ಬೆರಳಿಂದ ಒತ್ತಿದಾಗ ಅರ್ಧ ಇಂಚಿನಷ್ಟು ಬಾಗುವ ಬಿಗಿ, ಇವು ಯಾವ ಎಲೆಕ್ಟ್ರಿಷಿಯನ್ನಿಗೂ ಮೆಕ್ಯಾನಿಕನಿಗೂ ಹೊಸವಲ್ಲ.

ಇಷ್ಟಾದ ಮೇಲೆ ಬರುವುದು ಮೊದಲ ಚಾಲನೆ. ಆಗ ತೊಟ್ಟಿಯ ನಲ್ಲಿಗಳನ್ನೆಲ್ಲ ಪೂರ್ತಿ ತೆರೆದಿಟ್ಟು, ಒತ್ತಡ ಏರಲು ಬಿಡದೆ, ಅರ್ಧ ಗಂಟೆಯವರೆಗೆ ಕಂಪ್ರೆಸರನ್ನು ಬರಿದೇ ಓಡಿಸುವುದು ವಾಡಿಕೆ. ಕೊಂಡ ದಿನವೇ ಟೈರಿಗೆ ಗಾಳಿ ತುಂಬಲು ಕಾತರಿಸುವವರಿಗೆ ಇದು ವ್ಯರ್ಥವೆನ್ನಿಸಿದರೂ, ಹೊಸ ಪಿಸ್ಟನ್ನಿನ ಉಂಗುರಗಳೂ ಸಿಲಿಂಡರಿನ ಗೋಡೆಯೂ ಒಂದನ್ನೊಂದು ಸವೆಸಿ ಹೊಂದಿಕೊಳ್ಳುವುದು, ಎಣ್ಣೆ ಎಲ್ಲೆಡೆ ಹರಡುವುದು ಈ ಅವಧಿಯಲ್ಲೇ. ಸದ್ದಿನಲ್ಲಿ ಅಪಸ್ವರವಿದ್ದರೆ, ಬೋಲ್ಟು ಸಡಿಲವಿದ್ದರೆ, ತೊಟ್ಟಿಯಲ್ಲಿ ಶಕ್ತಿಯೇ ಇಲ್ಲದ ಹೊತ್ತಿನಲ್ಲಿ ಅದು ಹೊರಬೀಳುತ್ತದೆ. ಅನಂತರ ನಲ್ಲಿಗಳನ್ನು ಮುಚ್ಚಿ ಮುಳ್ಳು ಏರುವುದನ್ನು ಕಾಯಬೇಕು. ನಿಮಿಷಕ್ಕೆ 400 ಲೀಟರ್ ಗಾಳಿ ಕೊಡುವ ಹೆಡ್ಡು 200 ಲೀಟರಿನ ತೊಟ್ಟಿಯನ್ನು ಸೊನ್ನೆಯಿಂದ 8 ಬಾರ್‌ಗೆ ತರಲು 1,600 ಲೀಟರ್ ಹೊರಗಾಳಿಯನ್ನು ಒಳತುಂಬಬೇಕಾದ್ದರಿಂದ ಸುಮಾರು ನಾಲ್ಕು ನಿಮಿಷ ಹಿಡಿಯುತ್ತದೆ. ಈ ಅವಧಿಯನ್ನು ಗಡಿಯಾರ ನೋಡಿ ಗೋಡೆಯ ಮೇಲೆ ಬರೆದಿಟ್ಟುಕೊಳ್ಳುವುದು ಜಾಣತನ, ಏಕೆಂದರೆ ಮುಂದೊಂದು ದಿನ ಅದೇ ತೊಟ್ಟಿ ತುಂಬಲು ಆರು ನಿಮಿಷ ಬೇಕಾದರೆ ಕವಾಟ ಸವೆದಿದೆ, ಸೋಸುಕ ಕಟ್ಟಿದೆ ಅಥವಾ ಎಲ್ಲೋ ಸೋರುತ್ತಿದೆ ಎಂಬುದಕ್ಕೆ ಅದಕ್ಕಿಂತ ಅಗ್ಗದ ಸಾಕ್ಷಿ ಇನ್ನಿಲ್ಲ. ಸೋರಿಕೆಯ ಜಾಗ ಹುಡುಕಲು ಸೋಪಿನ ನೊರೆ ಸಾಕು.

ಮುಳ್ಳು ನಿಗದಿತ ಮಿತಿಗೆ, ಉದಾಹರಣೆಗೆ 8ಕ್ಕೆ, ಬಂದಾಗ ಮೋಟಾರು ತಾನೇ ನಿಲ್ಲಬೇಕು. ಗಾಳಿ ಬಿಟ್ಟು 6ರ ಹತ್ತಿರಕ್ಕೆ ಇಳಿಸಿದಾಗ ತಾನೇ ಓಡಬೇಕು. ನಿಲ್ಲದೆ ಮುಂದುವರಿದರೆ ಸೇಫ್ಟಿ ವಾಲ್ವು ತೆರೆಯಬೇಕು. ಈ ವಾಲ್ವಿನ ತತ್ತ್ವ ಅಡುಗೆಮನೆಯ ಕುಕ್ಕರಿನ ಸೀಟಿಯದೇ. ಅಲ್ಲಿ ತೂಕ, ಇಲ್ಲಿ ಸ್ಪ್ರಿಂಗು. ವಾಲ್ವು ಅಂಟಿಕೊಂಡಿಲ್ಲವೆಂದು ತಿಳಿಯಲು ಅದರ ತುದಿಯ ಉಂಗುರವನ್ನು ಆಗಾಗ ಎಳೆದು ನೋಡಬೇಕು. ತೊಟ್ಟಿಗೂ ಸೇಫ್ಟಿ ವಾಲ್ವಿಗೂ ನಡುವೆ ಮುಚ್ಚಬಹುದಾದ ಯಾವ ನಲ್ಲಿಯೂ ಇರಕೂಡದು, ವಾಲ್ವು ತೆರೆಯುವ ಒತ್ತಡ ತೊಟ್ಟಿಯ ಫಲಕದ ಮೇಲೆ ಕೆತ್ತಿದ ವಿನ್ಯಾಸದ ಒತ್ತಡವನ್ನು ಮೀರಕೂಡದು. ಹಳೆಯ ವಾಲ್ವು ಸೋರತೊಡಗಿದಾಗ ಅದರ ಸ್ಪ್ರಿಂಗನ್ನು ಇನ್ನಷ್ಟು ಬಿಗಿದು ಬಾಯಿ ಮುಚ್ಚಿಸುವುದನ್ನು, ಇಲ್ಲವೇ ವಾಲ್ವನ್ನು ಕಿತ್ತು ಬಿರಡೆ ಜಡಿಯುವುದನ್ನು ರಿಪೇರಿ ಎಂದು ಕರೆಯುವವರಿದ್ದಾರೆ. ಅದು ಕಾವಲುನಾಯಿ ಬೊಗಳುತ್ತದೆಂದು ಅದರ ಕತ್ತು ಹಿಸುಕಿದಂತೆ. ಒತ್ತಡದಲ್ಲಿ ನಡೆಯುವ ಯಾವ ಯಂತ್ರದ ಸುರಕ್ಷಿತ ಮಿತಿಯೂ ಮೀರದಂತೆ ಪರಿಣಾಮಕಾರಿ ಕ್ರಮ ಕೈಗೊಳ್ಳಬೇಕೆಂದು 1948ರ ಕಾರ್ಖಾನೆ ಕಾಯ್ದೆ ತನ್ನ 31ನೆಯ ಪ್ರಕರಣದಲ್ಲಿ ವಿಧಿಸಿತು. ಆದರೆ ವಿದ್ಯುತ್ ಬಳಸುವಲ್ಲಿ ಹತ್ತು ಕೆಲಸಗಾರರಾದರೂ ಇದ್ದರೆ ಮಾತ್ರ ಅದು ಕಾರ್ಖಾನೆ ಎನ್ನಿಸಿಕೊಳ್ಳುತ್ತಿದ್ದುದರಿಂದ, ಒಬ್ಬನೋ ಇಬ್ಬರೋ ದುಡಿಯುವ ಪಂಕ್ಚರ್ ಅಂಗಡಿಯ ತೊಟ್ಟಿಯತ್ತ ಆ ಕಾಯ್ದೆಯ ಕಣ್ಣು ಬೀಳುತ್ತಿರಲಿಲ್ಲ.

ಒತ್ತಿದ ಗಾಳಿ ನೀರು ಬಿಡುತ್ತದೆ ಎಂಬ ಮೂರನೆಯ ಗುಣ ಎಲ್ಲಕ್ಕಿಂತ ನಿಧಾನವಾಗಿ, ಎಲ್ಲಕ್ಕಿಂತ ಗುಟ್ಟಾಗಿ ಕೆಲಸ ಮಾಡುತ್ತದೆ. ಒಂದು ಘನಮೀಟರ್ ಜಾಗ 30 ಡಿಗ್ರಿಯಲ್ಲಿ ಆವಿಯ ರೂಪದಲ್ಲಿ ಹಿಡಿದಿಡಬಲ್ಲ ನೀರು ಸುಮಾರು 30 ಗ್ರಾಂ. ಆ ಜಾಗದಲ್ಲಿ ಗಾಳಿ ಎಷ್ಟು ಒತ್ತೊತ್ತಾಗಿದೆ ಎಂಬುದರಿಂದ ಈ ಮಿತಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಮಳೆಗಾಲದ ಮಂಗಳೂರಿನ ಹೊರಗಾಳಿಯ ಪ್ರತಿ ಘನಮೀಟರಿನಲ್ಲಿ 24 ಗ್ರಾಂ ಆವಿ ಇದೆಯೆಂದುಕೊಂಡರೆ, ಅಂಥ ಒಂಬತ್ತು ಘನಮೀಟರುಗಳನ್ನು ಒಂದಕ್ಕೆ ಇಳಿಸಿದಾಗ 216 ಗ್ರಾಂ ಆವಿ ಒಂದು ಘನಮೀಟರಿಗೆ ನುಗ್ಗುತ್ತದೆ. ಗಾಳಿ ಮೊದಲಿನ ಉಷ್ಣತೆಗೆ ತಣಿದಾಗ ಮಿತಿ ಮೀರಿದ 186 ಗ್ರಾಂ ನೀರಾಗಿ ಉದುರಲೇಬೇಕು. ಈ ಲೆಕ್ಕದಲ್ಲಿ ಎಡೆಬಿಡದೆ ಓಡುವ ಮಾದರಿ ಕಂಪ್ರೆಸರು ಗಂಟೆಗೆ ಅರ್ಧ ಲೀಟರ್ ನೀರು ಕಾರುತ್ತದೆ, ಅದರಲ್ಲಿ ಬಹುಪಾಲು ತೊಟ್ಟಿಯ ತಳದಲ್ಲಿ ನಿಲ್ಲುತ್ತದೆ. ಬೇಸಗೆಯ ಕಲಬುರಗಿಯಲ್ಲಿ ಇದು ಅಷ್ಟಿರದಿದ್ದರೂ ಇಲ್ಲದಿರುವುದಿಲ್ಲ. ತಳದ ನೀರು ಅಲ್ಲಿನ ಉಕ್ಕನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಹೊಸದರಂತೆಯೇ ಹೊಳೆಯುತ್ತಿರುತ್ತದೆ.

ತಿಂದರೆ ಆಗುವುದೇನು ಎಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ಉರುಳೆಯಾಕಾರದ ತೊಟ್ಟಿಯ ಗೋಡೆಯ ಮೇಲಿನ ಎಳೆತವು ಒತ್ತಡವನ್ನು ವ್ಯಾಸದಿಂದ ಗುಣಿಸಿ ಗೋಡೆಯ ದಪ್ಪದ ಎರಡರಷ್ಟರಿಂದ ಭಾಗಿಸಿದಷ್ಟು. 450 ಮಿಲಿಮೀಟರ್ ವ್ಯಾಸ, 5 ಮಿಲಿಮೀಟರ್ ದಪ್ಪದ ತೊಟ್ಟಿಯಲ್ಲಿ 8 ಬಾರ್ ಒತ್ತಡಕ್ಕೆ ಬರುವ ಎಳೆತ 36 ಮೆಗಾಪಾಸ್ಕಲ್. ಸಾಧಾರಣ ಉಕ್ಕು ಶಾಶ್ವತವಾಗಿ ಹಿಗ್ಗತೊಡಗುವುದು 250ರ ಸುಮಾರಿಗೆ, ಅಂದರೆ ಧಾರಾಳ ಅಂತರವಿದೆ. ತುಕ್ಕು ಗೋಡೆಯನ್ನು ಒಂದು ಮಿಲಿಮೀಟರಿಗೆ ತಂದಲ್ಲಿ ಎಳೆತ 180ಕ್ಕೆ ಏರುತ್ತದೆ, ತುಕ್ಕಿನ ಕುಳಿಗಳ ಅಂಚಿನಲ್ಲಿ ಅದಕ್ಕೂ ಹೆಚ್ಚು. ದಿನಕ್ಕೆ ಹತ್ತಾರು ಸಲ 6ರಿಂದ 8ಕ್ಕೆ ಏರಿಳಿಯುವ ಒತ್ತಡ ಅಲ್ಲಿ ಬಿರುಕನ್ನು ಎಳೆದೆಳೆದು ಬೆಳೆಸುತ್ತದೆ. ತೊಟ್ಟಿಯ ಉದ್ದದ ದಿಕ್ಕಿಗೆ ಬೀಳುವ ಎಳೆತ ಸುತ್ತಳತೆಯ ದಿಕ್ಕಿನದರ ಅರ್ಧ ಮಾತ್ರವಾದ್ದರಿಂದ, ಸೋತ ತೊಟ್ಟಿ ಅಡ್ಡಕ್ಕೆ ತುಂಡಾಗುವ ಬದಲು ಒಣಗಿದ ಬೆಂಡೆಕಾಯಿ ಸಿಡಿದಂತೆ ಉದ್ದುದ್ದಕ್ಕೆ ಸೀಳುತ್ತದೆ. ಸಣ್ಣ ತೂತು ಕಂಡೊಡನೆ ಅದರ ಮೇಲೊಂದು ತಗಡಿಟ್ಟು ಬೆಸೆಯುವುದು ಪರಿಹಾರವಾಗದಿರುವುದೂ ಇದರಿಂದಲೇ. ತೂತು ಬಿದ್ದ ಜಾಗ ಒಂದಾದರೂ ತೆಳುವಾದ ಜಾಗ ತಳದ ಉದ್ದಕ್ಕೂ ಇರುತ್ತದೆ, ಬೆಸುಗೆಯ ಕಾವು ಪಕ್ಕದ ತೆಳುಗೋಡೆಯನ್ನು ಇನ್ನಷ್ಟು ಬಲಗೆಡಿಸುತ್ತದೆ.

ತೊಟ್ಟಿಯಿಂದ ಹೊರಟ ಗಾಳಿಯ ಬಗೆಗೂ ಒಂದೆರಡು ಮಾತು ಅಗತ್ಯ. ನೀರಿನ ಪಿವಿಸಿ ಕೊಳವೆಯಲ್ಲಿ ಒತ್ತಿದ ಗಾಳಿಯನ್ನು ಹರಿಸಿದರೆ ಅದು ಸೋರಿ ಎಚ್ಚರಿಸುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ. ಗಾಳಿಗೆಂದೇ ಮಾಡಿದ ಹೋಸ್ ಪೈಪಿನ ಜೋಡಣೆ ಬಿಚ್ಚಿಕೊಂಡರೆ ಅದು ಪೆಟ್ಟು ತಿಂದ ಹಾವಿನಂತೆ ಬಡಿದಾಡುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ದೂಳು ಊದಲು ಬಳಸುವ ಗಾಳಿಯನ್ನು 30 ಪಿಎಸ್ಐಗೆ ಮಿತಿಗೊಳಿಸಿವೆ, ಕಂಪ್ರೆಸರಿನ ತೊಟ್ಟಿಯಲ್ಲಿರುವುದು ಅದರ ಸುಮಾರು ನಾಲ್ಕು ಪಟ್ಟು. ಕೆಲಸ ಮುಗಿಸಿ ಮೈಮೇಲಿನ ದೂಳನ್ನು ಗಾಳಿಯಿಂದಲೇ ಊದಿಕೊಳ್ಳುವುದು ಎಲ್ಲ ಗ್ಯಾರೇಜುಗಳಲ್ಲೂ ಕಾಣುವ ದೃಶ್ಯ. ಚರ್ಮದ ಗಾಯದ ಮೂಲಕ ರಕ್ತಕ್ಕೆ ಸೇರಿದ ಗಾಳಿಗುಳ್ಳೆ ಹೃದಯಕ್ಕೋ ಮಿದುಳಿಗೋ ತಲಪಬಲ್ಲದು, ಕಣ್ಣು ಕಿವಿಗಳ ಮಾತು ಬೇರೆ ಹೇಳಬೇಕಾಗಿಲ್ಲ. ಪೈಪನ್ನು ಮೈಗೆ ಹಿಡಿದು ಆಡುವ ತಮಾಷೆಯಂತೂ ಕರುಳನ್ನು ಕ್ಷಣಾರ್ಧದಲ್ಲಿ ಹರಿಯುತ್ತದೆ; 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿಯೇ ಅಂಥ ಆಟವೊಂದು ಯುವಕನೊಬ್ಬನ ಸಾವಿನಲ್ಲಿ ಮುಗಿಯಿತು.

ದಿನದ ಕೊನೆಗೆ ಯಂತ್ರವನ್ನು ಅದರ ಸ್ವಿಚ್ಚಿನಿಂದ ನಿಲ್ಲಿಸಿ, ನಿಟ್ಟುಸಿರು ಕೇಳಿದ ಮೇಲೆ ಮುಖ್ಯ ಸಂಪರ್ಕ ಕಡಿದು, ತೊಟ್ಟಿಯಲ್ಲಿ ಒಂದೆರಡು ಬಾರ್ ಉಳಿದಿರುವಾಗ ತಳದ ನಲ್ಲಿಯನ್ನು ಮೆಲ್ಲನೆ ತೆರೆದರೆ ಗಾಳಿಯೇ ನೀರನ್ನು ತಳ್ಳಿ ಹೊರಹಾಕುತ್ತದೆ. ಆ ನೀರನ್ನು ಚರಂಡಿಗೆ ಬಿಡುವ ಮುನ್ನ ಬಿಳಿಯ ಡಬ್ಬಿಯೊಂದರಲ್ಲಿ ಹಿಡಿದು ನೋಡುವುದು ಒಳ್ಳೆಯದು. ಹಾಲಿನಂತೆ ಬೆಳ್ಳಗಿದ್ದರೆ ಪಿಸ್ಟನ್ನಿನ ಉಂಗುರಗಳನ್ನು ದಾಟಿ ಎಣ್ಣೆ ಬರುತ್ತಿದೆ. ಚಹಾದ ಬಣ್ಣವಿದ್ದರೆ ಅದು ತೊಟ್ಟಿಯ ಒಳಮೈಯೇ ಕರಗಿ ಬಂದದ್ದು, ಹೆಚ್ಚುಕಡಿಮೆ ಎಲ್ಲ ಹಳೆಯ ತೊಟ್ಟಿಗಳೂ ಸ್ವಲ್ಪಮಟ್ಟಿಗೆ ಇದನ್ನು ತೋರಿಸುತ್ತವೆ. ನೀರಿನ ಜೊತೆ ಈರುಳ್ಳಿ ಸಿಪ್ಪೆಯಂಥ ತುಕ್ಕಿನ ಹಕ್ಕಳೆಗಳು ಬರತೊಡಗಿದರೆ, ಆ ತೊಟ್ಟಿಗೆ ಮುಂದೆ ತುಂಬಬೇಕಾದದ್ದು ಗಾಳಿಯನ್ನಲ್ಲ, ಪರೀಕ್ಷೆಯ ನೀರನ್ನು.